ಮಂಜಿನಲ್ಲಿ ಮರೆಯಾದ ವೇಗದ ಸರದಾರ

ಮೋಟಾರು ಪಂದ್ಯಗಳ ಇತಿಹಾಸದಲ್ಲಿ 1960ರ ದಶಕವೆಂದರೆ ಸಾವನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದ ಕಾಲ. ವರ್ಷ ವರ್ಷವೂ ಹೆಸರಾಂತ ಚಾಲಕರು ಪ್ರಾಣ ಕಳೆದುಕೊಳ್ಳುತ್ತಿದ್ದ ಆ ದಿನಗಳನ್ನು ದಾಟಿ ಬದುಕುಳಿದ ಕೆಲವೇ ಅಗ್ರಗಣ್ಯರಲ್ಲಿ ಬ್ರಿಟನ್ನಿನ ಗ್ರಹಾಂ ಹಿಲ್ ಒಬ್ಬರು. ಎರಡು ಬಾರಿ ವಿಶ್ವ ಚಾಂಪಿಯನ್ ಪಟ್ಟವೇರಿದ ಈ ಸಾಹಸಿಯನ್ನು ಮೃತ್ಯು ಕಾದಿದ್ದು ಮಾತ್ರ ಮನೆಯ ಸಮೀಪದ ಪುಟ್ಟ ವಿಮಾನ ನಿಲ್ದಾಣದ ಹಾದಿಯಲ್ಲಿ.

1929ರ ಫೆಬ್ರುವರಿ 15ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಜನಿಸಿದ ಹಿಲ್ ಸಿರಿವಂತರ ಮನೆಯ ಮಗನಲ್ಲ. ಉಪಕರಣ ತಯಾರಿಸುವ ಸ್ಮಿತ್ಸ್ ಕಂಪನಿಯಲ್ಲಿ ಕೆಲಸ ಕಲಿತರು. ನೌಕಾಪಡೆಯಲ್ಲಿ ಕಡ್ಡಾಯ ಸೇವೆ ಸಲ್ಲಿಸಿದರು. ಅವರ ಮೊದಲ ಒಲವು ದೋಣಿ ಸ್ಪರ್ಧೆ. ತಾವು ದೋಣಿ ನಡೆಸುತ್ತಿದ್ದ ಲಂಡನ್ ರೋಯಿಂಗ್ ಕ್ಲಬ್ಬಿನ ಕಡುನೀಲಿ ಮತ್ತು ಬಿಳಿ ಬಣ್ಣಗಳನ್ನೇ ಮುಂದೆ ತಮ್ಮ ಹೆಲ್ಮೆಟ್ಟಿಗೂ ಬಳಿಸಿಕೊಂಡರು. ಕಾರು ಚಾಲನೆಯ ಪರೀಕ್ಷೆಯಲ್ಲಿ ಉತ್ತೀರ್ಣರಾದಾಗ ಅವರಿಗೆ ಆಗಲೇ 24 ವರ್ಷ. ಅದೇ ಸುಮಾರಿಗೆ ಜಾಹೀರಾತೊಂದನ್ನು ಕಂಡು ಬ್ರ್ಯಾಂಡ್ಸ್ ಹ್ಯಾಚ್‌ಗೆ ತೆರಳಿ, ಒಂದು ಪೌಂಡ್ ತೆತ್ತು ರೇಸ್ ಕಾರಿನಲ್ಲಿ ನಾಲ್ಕು ಸುತ್ತು ಹಾಕಿದರು. ಆ ನಾಲ್ಕು ಸುತ್ತುಗಳು ಅವರ ಬದುಕಿನ ದಿಕ್ಕನ್ನೇ ಬದಲಿಸಿದವು.

ಲೋಟಸ್ ಸಂಸ್ಥೆಗೆ ಮೆಕ್ಯಾನಿಕ್ ಆಗಿ ಸೇರಿದ ಹಿಲ್, 1958ರಲ್ಲಿ ಮೊನಾಕೊ ಪಂದ್ಯದ ಮೂಲಕ ಫಾರ್ಮುಲಾ ಒನ್‌ಗೆ ಕಾಲಿಟ್ಟರು. ಅವರ ಸಮಕಾಲೀನ ಜಿಮ್ ಕ್ಲಾರ್ಕ್‌ಗೆ ವೇಗ ಹುಟ್ಟಿನಿಂದಲೇ ಒಲಿದಿತ್ತು. ಹಿಲ್ ಅದನ್ನು ಪರಿಶ್ರಮದಿಂದ ಸಂಪಾದಿಸಿದವರು. 1960ರಲ್ಲಿ ಬಿ.ಆರ್.ಎಂ. ತಂಡ ಸೇರಿದ ಅವರು, ಗೆಲುವು ಬಾರದಿದ್ದರೆ ತಂಡವನ್ನೇ ಮುಚ್ಚುವುದಾಗಿ ಮಾಲೀಕರು ಎಚ್ಚರಿಸಿದ್ದ 1962ರಲ್ಲಿ ನಾಲ್ಕು ಪಂದ್ಯ ಗೆದ್ದು ವಿಶ್ವ ಚಾಂಪಿಯನ್ ಆದರು. ಮೊನಾಕೊದ ಇಕ್ಕಟ್ಟಾದ ಬೀದಿಗಳಲ್ಲಿ ಐದು ಬಾರಿ ಜಯಶಾಲಿಯಾದರು. 1993ರಲ್ಲಿ ಐರ್ಟನ್ ಸೆನ್ನಾ ಆರನೆಯ ಗೆಲುವು ಪಡೆಯುವವರೆಗೆ ಆ ದಾಖಲೆಯನ್ನು ಯಾರೂ ಮುರಿಯಲಾಗಲಿಲ್ಲ. 1966ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ 500 ಪಂದ್ಯವನ್ನು ಪ್ರಥಮ ಪ್ರಯತ್ನದಲ್ಲೇ ಗೆದ್ದುಕೊಂಡರು.

ಅವರ ಮನೋಬಲಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು 1968ರಲ್ಲಿ. ಮತ್ತೆ ಲೋಟಸ್‌ಗೆ ಮರಳಿದ್ದ ಅವರ ಜೊತೆಗಾರ ಕ್ಲಾರ್ಕ್ ಏಪ್ರಿಲ್ 7ರಂದು ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ಅಸುನೀಗಿದರು. ದಿಕ್ಕೆಟ್ಟ ತಂಡಕ್ಕೆ ಹೆಗಲು ಕೊಟ್ಟ ಹಿಲ್, ಮುಂದಿನ ತಿಂಗಳೇ ಸ್ಪೇನ್ ಮತ್ತು ಮೊನಾಕೊ ಪಂದ್ಯಗಳನ್ನು ಗೆದ್ದು, ವರ್ಷಾಂತ್ಯದಲ್ಲಿ ಎರಡನೆಯ ಬಾರಿಗೆ ಚಾಂಪಿಯನ್ ಆದರು.

ಮರುವರ್ಷ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಅವರ ಕಾರು ಗಿರ್ರನೆ ತಿರುಗಿ ನಿಂತಿತು. ತಾವೇ ಕೆಳಗಿಳಿದು ತಳ್ಳಿ ಎಂಜಿನ್ ಚಾಲೂ ಮಾಡಿದರು. ಆದರೆ ಸೀಟ್ ಬೆಲ್ಟ್ ಬಿಗಿದುಕೊಳ್ಳಲು ಇನ್ನೊಬ್ಬರ ನೆರವು ಬೇಕಿತ್ತು. ಬೆಲ್ಟ್ ಇಲ್ಲದೆಯೇ ಪಂದ್ಯ ಮುಂದುವರಿಸಿದರು. ಟೈರು ಕೈಕೊಟ್ಟಾಗ ಕಾರು ಮಗುಚಿ, ಹೊರಕ್ಕೆಸೆಯಲ್ಪಟ್ಟ ಹಿಲ್ ಅವರ ಎರಡೂ ಕಾಲುಗಳು ಜಖಂಗೊಂಡವು. ಇನ್ನು ಅವರು ರೇಸಿಗೆ ಮರಳುವುದಿಲ್ಲವೆಂದೇ ಹಲವರು ಭಾವಿಸಿದ್ದರು. ಐದೇ ತಿಂಗಳಲ್ಲಿ, ನಡೆಯಲು ಇನ್ನೂ ಕಷ್ಟಪಡುತ್ತಿದ್ದಾಗಲೇ, ದಕ್ಷಿಣ ಆಫ್ರಿಕಾದ ಪಂದ್ಯದಲ್ಲಿ ಪಾಲ್ಗೊಂಡು ಆರನೆಯವರಾಗಿ ಗುರಿ ಮುಟ್ಟಿದರು. 1972ರಲ್ಲಿ ಹೆನ್ರಿ ಪೆಸ್ಕರೋಲೊ ಜೊತೆಗೂಡಿ ಲಮಾನ್ 24 ಗಂಟೆಗಳ ಪಂದ್ಯವನ್ನೂ ಗೆದ್ದರು. ಮೊನಾಕೊ, ಇಂಡಿಯಾನಾಪೊಲಿಸ್, ಲಮಾನ್ ಈ ಮೂರನ್ನೂ ಗೆದ್ದ ಮತ್ತೊಬ್ಬ ಚಾಲಕ ಇಂದಿಗೂ ಇಲ್ಲ.

1973ರಲ್ಲಿ ಹಿಲ್ ಸ್ವಂತ ತಂಡ ಕಟ್ಟಿದರು. 1975ರಲ್ಲಿ ತಮ್ಮದೇ ಕೋಟೆಯಂತಿದ್ದ ಮೊನಾಕೊದಲ್ಲಿ ಅರ್ಹತೆಯನ್ನೂ ಗಳಿಸಲಾಗದೆ, ಅದೇ ಜುಲೈನಲ್ಲಿ ನಿವೃತ್ತಿ ಘೋಷಿಸಿದರು. ತಂಡದ ಭವಿಷ್ಯವನ್ನು 23ರ ಹರೆಯದ ಪ್ರತಿಭಾವಂತ ಟೋನಿ ಬ್ರೈಸ್ ಅವರ ಕೈಗಿತ್ತರು.

ನವೆಂಬರ್ 29, 1975. ದಕ್ಷಿಣ ಫ್ರಾನ್ಸಿನ ಪೌಲ್ ರಿಕಾರ್ಡ್‌ನಲ್ಲಿ ಹೊಸ ಕಾರಿನ ಪರೀಕ್ಷೆ ಮುಗಿಸಿ ತಂಡ ಮನೆಯ ಕಡೆ ಹೊರಟಿತ್ತು. ಹಿಲ್ ತಮ್ಮ ಎರಡು ಎಂಜಿನ್‌ಗಳ ಪೈಪರ್ ಆಜ್ಟೆಕ್ ವಿಮಾನವನ್ನು ತಾವೇ ನಡೆಸುತ್ತಿದ್ದರು. ಬ್ರೈಸ್, ತಂಡದ ವ್ಯವಸ್ಥಾಪಕ, ಕಾರಿನ ವಿನ್ಯಾಸಕಾರ ಆಂಡಿ ಸ್ಮಾಲ್‌ಮನ್ ಮತ್ತು ಇಬ್ಬರು ಮೆಕ್ಯಾನಿಕ್‌ಗಳು ಅವರೊಂದಿಗಿದ್ದರು. ಲಂಡನ್ನಿನ ಉತ್ತರಕ್ಕಿರುವ ಎಲ್‌ಸ್ಟ್ರೀ ನಿಲ್ದಾಣವನ್ನು ಸಮೀಪಿಸುವ ವೇಳೆಗೆ ರಾತ್ರಿಯ ದಟ್ಟ ಮಂಜು ನೆಲವನ್ನು ಮುಚ್ಚಿತ್ತು.

ವಿಮಾನ ಇಳಿಸುವ ಕೊನೆಯ ನಿಮಿಷಗಳಲ್ಲಿ ಎತ್ತರದ ಅಂದಾಜೇ ಸರ್ವಸ್ವ. ದೊಡ್ಡ ನಿಲ್ದಾಣಗಳಲ್ಲಿ ರೇಡಿಯೋ ಕಿರಣಗಳು ಪೈಲಟ್‌ಗೆ ಇಳಿಜಾರಿನ ದಾರಿ ತೋರುತ್ತವೆ. ಎಲ್‌ಸ್ಟ್ರೀಯಂತಹ ಚಿಕ್ಕ ನಿಲ್ದಾಣದಲ್ಲಿ ರನ್‌ವೇ ದೀಪಗಳು ಕಣ್ಣಿಗೆ ಬೀಳಬೇಕು. ಬೀಳದಿದ್ದರೆ ಮೇಲೇರಿ ಬೇರೆಡೆಗೆ ಹೋಗಬೇಕು. ರನ್‌ವೇ ಇನ್ನೂ ಸುಮಾರು 5 ಕಿ.ಮೀ. ದೂರವಿರುವಾಗಲೇ ವಿಮಾನ ಆರ್ಕ್‌ಲೀ ಗಾಲ್ಫ್ ಮೈದಾನದ ಮರಗಳಿಗೆ ಬಡಿದು ನೆಲಕ್ಕಪ್ಪಳಿಸಿ ಹೊತ್ತಿ ಉರಿಯಿತು. ಆರು ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಹಿಲ್‌ಗೆ ಆಗ 46 ವರ್ಷ.

ಅವಘಡದ ಕಾರಣವನ್ನು ತನಿಖಾಧಿಕಾರಿಗಳು ಖಚಿತವಾಗಿ ನಿರ್ಧರಿಸಲಾಗಲಿಲ್ಲ. ಮಂಜಿನಲ್ಲಿ ಪೈಲಟ್ ಎತ್ತರದ ಅಂದಾಜು ತಪ್ಪಿರುವ ಸಾಧ್ಯತೆಯೇ ಹೆಚ್ಚೆಂದು ತೋರಿತು. ಆದರೆ ಕಾಗದಪತ್ರಗಳ ಪರಿಶೀಲನೆ ಇನ್ನೊಂದು ಕಹಿ ಸತ್ಯವನ್ನು ಹೊರಗೆಡವಿತು. ವಿಮಾನದ ಅಮೆರಿಕದ ನೋಂದಣಿ ರದ್ದಾಗಿತ್ತು. ಮಂಜು ಮೋಡಗಳಲ್ಲಿ ಉಪಕರಣಗಳನ್ನು ನೆಚ್ಚಿ ಹಾರಲು ಬೇಕಾದ ಹಿಲ್ ಅವರ ಅರ್ಹತೆಯ ಅವಧಿಯೂ ಮುಗಿದಿತ್ತು. ಹೀಗಾಗಿ ವಿಮೆ ಊರ್ಜಿತವಾಗಲಿಲ್ಲ. ಗತಿಸಿದ ಸಹೋದ್ಯೋಗಿಗಳ ಕುಟುಂಬಗಳು ಪರಿಹಾರಕ್ಕಾಗಿ ಹಿಲ್ ಅವರ ಆಸ್ತಿಯ ಮೇಲೆ ದಾವೆ ಹೂಡಬೇಕಾಯಿತು. ಪತ್ನಿ ಬೆಟ್ ದೊಡ್ಡ ಮನೆಯನ್ನು ಮಾರಿ, ಮೂವರು ಮಕ್ಕಳೊಂದಿಗೆ ಸಣ್ಣ ಮನೆಗೆ ತೆರಳಿದರು. ಮುಖ್ಯರನ್ನೆಲ್ಲ ಕಳೆದುಕೊಂಡ ತಂಡ ಮುಚ್ಚಿಹೋಯಿತು.

ತನ್ನ ಜೀವವನ್ನು ಪಣಕ್ಕಿಡುವುದು ರೇಸ್ ಚಾಲಕನ ಸ್ವಂತ ನಿರ್ಧಾರ. ಪ್ರಯಾಣಿಕರನ್ನು ಹೊತ್ತ ಪೈಲಟ್‌ಗೆ ಆ ಸ್ವಾತಂತ್ರ್ಯವಿಲ್ಲ. ಅಂದು ಆ ವಿಮಾನವೇರಿದ ಐವರೂ ಚಾಂಪಿಯನ್ನರ ಕೈಯಲ್ಲಿ ಭರವಸೆಯಿಟ್ಟಿದ್ದರು. ಅವರ ದಾಖಲೆಗಳನ್ನು ಪರಿಶೀಲಿಸುವ ಯೋಚನೆ ಯಾರಿಗೆ ಬಂದೀತು? ಮುರಿದ ಕಾಲುಗಳಲ್ಲೂ ಹಿಲ್ ಅವರನ್ನು ಮತ್ತೆ ಕಾರಿಗೇರಿಸಿದ ಛಲವನ್ನು ಜಗತ್ತು ಕೊಂಡಾಡಿತು. ನವೀಕರಿಸದೆ ಉಳಿದ ಕಾಗದಗಳ ಬೆಲೆಯನ್ನು ಮಾತ್ರ ಆರು ಮನೆಗಳು ತೆತ್ತವು.

ತಂದೆ ತೀರಿಕೊಂಡಾಗ ಮಗ ಡೇಮನ್‌ಗೆ 15 ವರ್ಷ. ಕಟ್ಟಡ ಕೆಲಸ ಮಾಡಿ, ಮೋಟಾರ್ ಸೈಕಲ್‌ನಲ್ಲಿ ಟಪಾಲು ಹಂಚಿ, ನಿಧಾನವಾಗಿ ರೇಸಿನತ್ತ ಬಂದ ಆತ 1996ರಲ್ಲಿ ವಿಶ್ವ ಚಾಂಪಿಯನ್ ಆದರು. ತಂದೆ ಮತ್ತು ಮಗ ಇಬ್ಬರೂ ಈ ಪಟ್ಟವೇರಿದ್ದು ಅದೇ ಮೊದಲು. ಡೇಮನ್ ತಲೆಯ ಮೇಲಿದ್ದದ್ದು ಅದೇ ಕಡುನೀಲಿ, ಅದೇ ಬಿಳಿ ಹುಟ್ಟುಗಳ ಹೆಲ್ಮೆಟ್. ಟೋನಿ ಬ್ರೈಸ್ ಎಷ್ಟು ಎತ್ತರಕ್ಕೆ ಏರುತ್ತಿದ್ದರೆಂಬುದು ಮಾತ್ರ ಆರ್ಕ್‌ಲೀಯ ಮಂಜಿನಲ್ಲೇ ಉಳಿದುಹೋಯಿತು.