ಹೈದರ್ ಅಲಿ ಮತ್ತು ಕೋಲಾರದ ಮಕ್ಬರ

ಹೈದರ್ ಅಲಿ ಸುಮಾರು 1720ರಲ್ಲಿ ಇಂದಿನ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಜನಿಸಿದನು. ಈ ಊರು ಕೋಲಾರದ ಫೌಜುದಾರನಾಗಿದ್ದ ಅವನ ತಂದೆ ಫತೇ ಮಹಮ್ಮದನ ಜಹಗೀರಾಗಿತ್ತು. ತಂದೆ ಯುದ್ಧದಲ್ಲಿ ಮಡಿದಾಗ ಹೈದರ್ ಇನ್ನೂ ಬಾಲಕ. ಮನೆತನವು ಆಸ್ತಿಪಾಸ್ತಿಯನ್ನು ಕಳೆದುಕೊಂಡಿತು. ಮುಂದೆ ಅಣ್ಣ ಶಹಬಾಜನಂತೆ ಅವನೂ ಮೈಸೂರು ಸೇನೆಯನ್ನು ಸೇರಿ, 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೆಸರು ಗಳಿಸಿ, 1761ರ ವೇಳೆಗೆ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಂಡನು. ನಿರ್ಗತಿಕನಾಗಿ ಬೆಳೆದವನಿಗೆ ಇದು ಸಾಮಾನ್ಯ ಏಳಿಗೆಯಲ್ಲ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಅವನು ತೀರಿಕೊಂಡನು. ಮಗ ಟಿಪ್ಪು ಮಲಬಾರಿನಲ್ಲಿದ್ದುದರಿಂದ ಸಾವಿನ ಸುದ್ದಿಯನ್ನು ಗುಟ್ಟಾಗಿಟ್ಟು, ದೇಹವನ್ನು ಕೋಲಾರಕ್ಕೆ ತಂದು ತಂದೆಯ ಗೋರಿಯಿರುವ ಮಕ್ಬರದಲ್ಲಿ ತಾತ್ಕಾಲಿಕವಾಗಿ ಇರಿಸಲಾಯಿತು. ಅನಂತರ ಟಿಪ್ಪು ಅದನ್ನು ಶ್ರೀರಂಗಪಟ್ಟಣದ ಗುಂಬಜಿಗೆ ಸಾಗಿಸಿದನು. ಕೋಲಾರದ ಮಕ್ಬರದಲ್ಲಿ ಈಗಲೂ ಇರುವುದು ಫತೇ ಮಹಮ್ಮದ್ ಮತ್ತು ಮನೆತನದವರ ಗೋರಿಗಳು.