ದಾರಾ ಶಿಕೋ ಮಾತಾಡಿದ್ದು ಯಾರ ಜೊತೆ, ಮಾತಾಡದೆ ಬಿಟ್ಟದ್ದು ಯಾರ ಜೊತೆ?

1653. ಕಂದಹಾರ್ ಕೋಟೆ ಗೆಲ್ಲಲಾಗದೆ ವಾಪಸಾದ ಮೊಘಲ್ ರಾಜಕುಮಾರನೊಬ್ಬ ಲಾಹೋರಿನಲ್ಲಿ ಬಾಬಾ ಲಾಲ್ ಎಂಬ ಹಿಂದೂ ಸಂತನ ಎದುರು ಕೂತ. ಒಂದಲ್ಲ, ಹಲವು ಬೈಠಕ್. ಆತ ಷಹಜಹಾನನ ಹಿರಿಮಗ ದಾರಾ ಶಿಕೋ.

ಅಲ್ಲಿ ನಡೆದದ್ದು ಹಾರ ಹಾಕಿ ಫೋಟೊ ತೆಗೆಸಿಕೊಳ್ಳುವ ಸೌಹಾರ್ದ ಸಭೆ ಆಗಿರಲಿಲ್ಲ. ವಿಗ್ರಹಪೂಜೆ ಯಾಕೆ ಮಾಡ್ತೀರಿ ಎಂದು ದಾರಾ ನೇರವಾಗಿ ಕೇಳಿದ. ಮದುವೆಯಾಗುವವರೆಗೆ ಹುಡುಗಿಯರು ಗೊಂಬೆಯಾಟ ಆಡುತ್ತಾರಲ್ಲ, ಹಾಗೆ, ಒಳಗಿನ ಅರಿವು ಬರುವವರೆಗೆ ಹೊರಗಿನ ರೂಪ ಬೇಕು ಎಂಬರ್ಥದ ಉತ್ತರ ಬಂತು. ಪ್ರಶ್ನೆ ಕೇಳಿದ್ದಕ್ಕೆ ಯಾರ ಭಾವನೆಗೂ ಧಕ್ಕೆ ಆಗಲಿಲ್ಲ. ಆ ಮಾತುಕತೆ ಫಾರ್ಸಿಯಲ್ಲಿ ದಾಖಲಾಗಿ ಉಳಿಯಿತು.

1615ರಲ್ಲಿ ಅಜ್ಮೀರಿನಲ್ಲಿ ಹುಟ್ಟಿದ ದಾರಾ ಖಾದ್ರಿ ಸೂಫಿಗಳ ಶಿಷ್ಯ. ಇಸ್ಲಾಂ ಮತ್ತು ಹಿಂದೂ ಚಿಂತನೆಗಳನ್ನು ಎರಡು ಸಮುದ್ರಗಳಾಗಿ ಕಂಡು, ಅವು ಕೂಡುವ ಜಾಗದ ಬಗ್ಗೆ ಪುಸ್ತಕ ಬರೆದ. 1657ರಲ್ಲಿ ಕಾಶಿಯ ಪಂಡಿತರನ್ನು, ಸನ್ಯಾಸಿಗಳನ್ನು ಜೊತೆಗಿಟ್ಟುಕೊಂಡು ಸುಮಾರು ಐವತ್ತು ಉಪನಿಷತ್ತುಗಳನ್ನು ಫಾರ್ಸಿಗೆ ತಂದ. ಅದೇ ಫಾರ್ಸಿ ಪಠ್ಯ ಮುಂದೆ ಲ್ಯಾಟಿನ್‌ಗೆ ಹೋಗಿ, ಜರ್ಮನಿಯ ಶೋಪೆನ್‌ಹಾವರ್ ಕೈ ಸೇರಿತು.

ಇಷ್ಟೆಲ್ಲ ಮಾಡಿದವನು ಸೋತದ್ದೇಕೆ? 1658ರಲ್ಲಿ ಸಾಮುಗಢದ ಕದನದಲ್ಲಿ ತಮ್ಮ ಔರಂಗಜೇಬನ ಎದುರು ಸೋತ. ಮರುವರ್ಷ ಧರ್ಮದ್ರೋಹದ ಆರೋಪ ಹೊರಿಸಿ ಅವನನ್ನು ಕೊಲ್ಲಲಾಯಿತು. ಇದನ್ನು 'ಒಳ್ಳೆ ಮುಸ್ಲಿಂ, ಕೆಟ್ಟ ಮುಸ್ಲಿಂ' ಕತೆ ಮಾಡಿ ಹಂಚುವವರು ಇವತ್ತು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅದು ಸಿಂಹಾಸನದ ಜಗಳ. ಎರಡೂ ಕಡೆ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಸೋತು ಓಡುತ್ತಿದ್ದ ದಾರಾನನ್ನು ಬೆನ್ನಟ್ಟಿದವರಲ್ಲಿ ರಜಪೂತ ರಾಜ ಜೈಸಿಂಗನೂ ಒಬ್ಬ.

ಇನ್ನೊಂದು ಕಹಿ ಸತ್ಯವಿದೆ. ಸಂತರ ಮುಂದೆ ತಾಳ್ಮೆಯಿಂದ ಕೂರುತ್ತಿದ್ದ ದಾರಾ, ದರ್ಬಾರಿನ ಸರದಾರರನ್ನು ಹೀಯಾಳಿಸುತ್ತಿದ್ದ, ಸಲಹೆ ಕೊಡಲು ಬಂದವರನ್ನು ಕಡೆಗಣಿಸುತ್ತಿದ್ದ ಎಂದು ಆ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಫ್ರೆಂಚ್ ವೈದ್ಯ ಬರ್ನಿಯರ್ ಬರೆದಿದ್ದಾನೆ. ಅಂದರೆ, ಆಚೆ ಧರ್ಮದ ಜ್ಞಾನಿಗಳ ಜೊತೆ ಸಂವಾದ ನಡೆಯಿತು, ಮನೆಯೊಳಗೆ ತನ್ನನ್ನು ಒಪ್ಪದವರ ಜೊತೆ ನಡೆಯಲಿಲ್ಲ. ಸಂವಾದ ಒಬ್ಬ ರಾಜಕುಮಾರನ ಹವ್ಯಾಸವಾಗಿಯೇ ಉಳಿಯಿತು, ಬೀದಿಗೆ ಇಳಿಯಲಿಲ್ಲ. ಅವನನ್ನು ಕೊಂದಾಗ ಅದನ್ನು ಮುಂದುವರಿಸಲು ಅರಮನೆಯಲ್ಲಿ ಯಾರೂ ಇರಲಿಲ್ಲ.

ನಾವು ಕೂಡ ಹೀಗೇ ಅಲ್ವಾ? ಸೌಹಾರ್ದ ಸಭೆಗೆ ಬರುವವರು ಮೊದಲೇ ಒಪ್ಪಿದವರು. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ದ್ವೇಷ ಹಂಚುವ ಚಿಕ್ಕಪ್ಪನನ್ನು ನಾವು ಮ್ಯೂಟ್ ಮಾಡಿ ಸುಮ್ಮನಾಗ್ತೀವಿ. ದಾರಾನಿಂದ ಕಲಿಯಬೇಕಾದ್ದು ಎರಡು: ಆಚೆಯವರನ್ನು ಕಷ್ಟದ ಪ್ರಶ್ನೆಯನ್ನೇ ಕೇಳಬೇಕು, ಉತ್ತರ ಮುಗಿಯುವವರೆಗೆ ಕೂರಬೇಕು. ಅವನು ಕಲಿಯದೆ ಹೋದದ್ದು ಒಂದು: ಅದೇ ತಾಳ್ಮೆ ನಮ್ಮವರಿಗೂ ಬೇಕು.