ಕಿಟ್ಟೆಲರ ಇಂಗ್ಲಿಷು

ನನ್ನ ಊರು ಆಳಂದ ತಾಲೂಕಿನ ಮಾದನಹಿಪ್ಪರಗಾ. ಮಹಾರಾಷ್ಟ್ರದ ಗಡಿ ಅಲ್ಲಿಂದ ದೂರವಿಲ್ಲ. 1948ರವರೆಗೆ ನಮ್ಮ ಸೀಮೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದುದರಿಂದ ಅಜ್ಜನ ಕಾಲದವರಿಗೆ ಕಚೇರಿಯ ಭಾಷೆ ಉರ್ದು, ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಇಂಗ್ಲಿಷು ಮಾತ್ರ ಯಾರ ಮನೆಯದೂ ಆಗಿರಲಿಲ್ಲ. ಹೈಸ್ಕೂಲು ಮುಗಿಸಿ ಪಟ್ಟಣದ ಕಾಲೇಜಿಗೆ ಬಂದ ಹೊಸತರಲ್ಲಿ, ಊರಿನ ದಿನಚರಿಯನ್ನು ಇಂಗ್ಲಿಷಿನಲ್ಲಿ ಹೇಳೆಂದು ಅಧ್ಯಾಪಕರೊಬ್ಬರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ತಾಯಿ ಹಳ್ಳದಲ್ಲಿ ಅರಿವೆ ಒಗೆಯುತ್ತಾಳೆಂದು ಹೇಳಬೇಕಾಗಿತ್ತು. ನಮ್ಮ ಕಡೆ ಕಲ್ಲನ್ನೂ ಒಗೆಯುತ್ತೇವೆ, ಅರಿವೆಯನ್ನೂ ಒಗೆಯುತ್ತೇವೆ. ನನಗೆ ತಿಳಿದಿದ್ದ ಪದ ‘ಥ್ರೋ’ ಒಂದೇ. ನನ್ನ ತಾಯಿ ದಿನವೂ ಬಟ್ಟೆಗಳನ್ನು ಹಳ್ಳಕ್ಕೆ ಎಸೆಯುತ್ತಾಳೆಂದು ಇಡೀ ತರಗತಿ ತಿಳಿಯಿತು. ನಗೆ ಬಹಳ ಹೊತ್ತು ನಿಲ್ಲಲಿಲ್ಲ, ಅಧ್ಯಾಪಕರೂ ನಕ್ಕರು.

ಆ ಸಂಜೆ ಗ್ರಂಥಾಲಯದ ಮೂಲೆಯಲ್ಲಿ ನನ್ನ ಕೈಗೆ ಸಿಕ್ಕಿದ್ದು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷು ನಿಘಂಟಿನ ಮರುಮುದ್ರಣ. ತೊಡೆಯ ಮೇಲೆ ಇಟ್ಟುಕೊಂಡರೆ ಕಾಲು ಜೋಮು ಹಿಡಿಯುವಷ್ಟು ಭಾರದ ಪುಸ್ತಕ. ‘ಒಗೆ’ ಎಂಬಲ್ಲಿಗೆ ಹೋದೆ. ಎಸೆಯುವ ಒಗೆತವಿತ್ತು, ಅರಿವೆಯ ಒಗೆತವಿತ್ತು. ಇವೆರಡೂ ಅಲ್ಲದೆ ಹುಟ್ಟುವುದು, ಉಂಟಾಗುವುದು ಎಂಬ ಹಳಗನ್ನಡದ ಅರ್ಥವೂ ಇತ್ತು. ಒಂದೊಂದರ ಮುಂದೆಯೂ ಅದಕ್ಕೆ ತಕ್ಕ ಇಂಗ್ಲಿಷು ಪದಗಳು. ತಪ್ಪು ನನ್ನ ತಾಯಿಯ ಮಾತಿನದಲ್ಲವೆಂದು ತಿಳಿದಾಗ ಆದ ಸಮಾಧಾನವನ್ನು ಇಂದಿಗೂ ಮರೆತಿಲ್ಲ.

ಆ ನಿಘಂಟನ್ನು ರಚಿಸಿದವರಿಗೂ ಇಂಗ್ಲಿಷು ತಾಯ್ನುಡಿಯಾಗಿರಲಿಲ್ಲವೆಂಬ ಸಂಗತಿ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ತರುವಾಯ.

ಕಿಟ್ಟೆಲರು ಹುಟ್ಟಿದ್ದು 1832ನೆಯ ಇಸವಿ ಏಪ್ರಿಲ್ 7ರಂದು, ಉತ್ತರ ಜರ್ಮನಿಯ ಕಡಲಂಚಿನ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿಗಳು. ಆ ಸೀಮೆಯ ಜನ ಆಡುತ್ತಿದ್ದುದು ಗ್ರಂಥಸ್ಥ ಜರ್ಮನಿಗಿಂತ ಬೇರೆಯಾದ ತಗ್ಗುನಾಡಿನ ಜರ್ಮನ್. ಎಂದರೆ ಶಾಲೆಯ ನುಡಿ ಒಂದು, ಬೀದಿಯ ನುಡಿ ಇನ್ನೊಂದು. ನಮ್ಮ ಕಡೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯಲ್ಲಿ ಅವರು ಲ್ಯಾಟಿನ್, ಗ್ರೀಕ್, ಹೀಬ್ರೂಗಳೊಂದಿಗೆ ಫ್ರೆಂಚನ್ನೂ ಇಂಗ್ಲಿಷನ್ನೂ ಕಲಿತರು. ಇಂಗ್ಲಿಷು ಅವರಿಗೆ ಬಂದದ್ದು ನಮಗೆ ಬಂದ ಹಾಗೆಯೇ, ವ್ಯಾಕರಣದ ಬಾಗಿಲಿನಿಂದ. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನನ್ನು ಸೇರಿ, 1853ರಲ್ಲಿ ಮತಪ್ರಸಾರಕರಾಗಿ ಕನ್ನಡನಾಡಿಗೆ ಬಂದರು. ಆಗ ಅವರಿಗೆ 21 ವರ್ಷ.

ಬಂದ ಕೆಲಸ ಮತಪ್ರಚಾರ. ಮನಸ್ಸು ನೆಟ್ಟದ್ದು ಭಾಷೆಯಲ್ಲಿ. ಈ ನೆಲದ ಜನರಿಗೆ ಏನನ್ನು ಹೇಳಬೇಕಾದರೂ ಮೊದಲು ಅವರಲ್ಲೊಬ್ಬರಾಗಬೇಕೆಂಬ ಹಟ ಅವರಿಗೆ ಆರಂಭದಿಂದಲೂ ಇತ್ತು. ಕಾಲ್ನಡಿಗೆಯಲ್ಲಿ ಊರೂರು ಸುತ್ತಿದರು, ಜನರೊಡನೆ ಬೆರೆತರು. ಮಿಶನ್ನಿನ ಹಿರಿಯರಿಗೆ ಇದು ಹಿಡಿಸಲಿಲ್ಲ. ಹಳಗನ್ನಡ ಕಾವ್ಯಗಳಲ್ಲಿ ಮುಳುಗಿದ ತರುಣನಿಂದ ಧರ್ಮಕಾರ್ಯ ಎಷ್ಟು ಸಾಗೀತೆಂಬ ಶಂಕೆ ಅವರದು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದ ಈ ಮನುಷ್ಯ ತನ್ನವರ ನಡುವೆಯೇ ಬಹುಮಟ್ಟಿಗೆ ಒಂಟಿಯಾಗಿದ್ದರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸುಗಳಲ್ಲಿಯೇ ‘ಕಥಾಮಾಲೆ’ ಎಂಬ ಕಾವ್ಯವಾಗಿ ಬರೆದರು. ಅದರ ಕಾವ್ಯಗುಣವನ್ನು ನಾನು ಬಹಳವಾಗಿ ಹೊಗಳಲಾರೆ. ಆದರೆ ಪರನಾಡಿನವನೊಬ್ಬ ನಮ್ಮ ಗಣ ಪ್ರಾಸಗಳ ಕಟ್ಟಿಗೆ ತನ್ನ ದೇವರ ಕಥೆಯನ್ನು ಒಪ್ಪಿಸಿದ್ದನ್ನು ಕಂಡರೆ ನಗಲೂ ಆಗುವುದಿಲ್ಲ.

ಮನೆಯಲ್ಲಿ ದುಃಖಕ್ಕೆ ಕೊರತೆಯಿರಲಿಲ್ಲ. 1860ರಲ್ಲಿ ಕೈಹಿಡಿದ ಪೌಲೀನ್ 1864ರಲ್ಲಿ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. ಈ ವರ್ಷಗಳ ನಡುವೆಯೂ ಗ್ರಂಥಕಾರ್ಯ ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ವ್ಯಾಕರಣ, ಛಂದಸ್ಸುಗಳನ್ನು ಹೀಗೆ ಕೈವಶ ಮಾಡಿಕೊಂಡ ಮೇಲೆ ಉಳಿದದ್ದು ಪದಗಳ ಕಾಡು.

ಆ ಕಾಡಿನಲ್ಲಿ ಮೊದಲು ದಾರಿ ಕಡಿದವರು ಕಿಟ್ಟೆಲರಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೂ 1832ರಲ್ಲಿ, ಎಂದರೆ ಕಿಟ್ಟೆಲರು ಹುಟ್ಟಿದ ವರ್ಷದಲ್ಲಿ, ಕನ್ನಡದಿಂದ ಇಂಗ್ಲಿಷಿಗೂ ನಿಘಂಟುಗಳನ್ನು ಕೊಟ್ಟಿದ್ದರು. ರೀವ್ ಇಂಗ್ಲಿಷು ಬಲ್ಲವರಾಗಿ ಕನ್ನಡ ಕಲಿತವರು. ಕಿಟ್ಟೆಲರದು ಇಮ್ಮಡಿ ಕಷ್ಟ: ಎಡಗಡೆಯ ಪದವೂ ಕಲಿತದ್ದು, ಬಲಗಡೆಯ ಅರ್ಥವೂ ಕಲಿತದ್ದು. ತಮ್ಮ ಜರ್ಮನಿನಲ್ಲಿ ಅರ್ಥ ಬರೆದಿದ್ದರೆ ಸುಲಭವಾಗುತ್ತಿತ್ತು. ಆಳುವವರ ಭಾಷೆ ಇಂಗ್ಲಿಷಾಗಿತ್ತು. ನಿಘಂಟನ್ನು ಬಳಸುವ ಅಧಿಕಾರಿ, ಪಾದ್ರಿ, ಉಪಾಧ್ಯಾಯರೆಲ್ಲರೂ ಅದನ್ನೇ ನಿರೀಕ್ಷಿಸುತ್ತಿದ್ದರು. ಹೀಗಾಗಿ ಕನ್ನಡದ ಒಂದೊಂದು ಪದವೂ ಅವರ ಇಂಗ್ಲಿಷನ್ನು ಪರೀಕ್ಷೆಗೆ ಒಡ್ಡುತ್ತಿತ್ತೆಂದು ನಾನು ಊಹಿಸುತ್ತೇನೆ. ಹುಟ್ಟಿನಿಂದ ಇಂಗ್ಲಿಷು ಬಲ್ಲವನು ಒಂದು ಪದ ಕೊಟ್ಟು ಮುಂದೆ ಹೋಗಿಬಿಡಬಹುದಾದಲ್ಲಿ ಕಿಟ್ಟೆಲರು ಮೂರು, ನಾಲ್ಕು, ಕೆಲವೊಮ್ಮೆ ಹತ್ತು ಪದಗಳನ್ನು ಸಾಲಾಗಿ ಇಡುತ್ತಾರೆ. ಒಂದೂ ಪೂರ್ತಿ ಒಪ್ಪುವುದಿಲ್ಲ, ಎಲ್ಲವೂ ಕೂಡಿ ಕನ್ನಡದ ಅರ್ಥವನ್ನು ಸುತ್ತುಗಟ್ಟುತ್ತವೆ. ಕಲಿಯುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಇಂಗ್ಲಿಷು ಪಾಠ ಬೇರೆ ಉಂಟೇ? ಎಸೆಯುವುದರಲ್ಲಿಯೇ ಥ್ರೋ ಬೇರೆ, ಕಾಸ್ಟ್ ಬೇರೆ, ಹರ್ಲ್ ಬೇರೆ ಎಂಬುದನ್ನು ನಾನು ಯೋಚಿಸತೊಡಗಿದ್ದು ಇಂಥ ಸಾಲುಗಳನ್ನು ಓದಿ.

1877ರಲ್ಲಿ ಕಿಟ್ಟೆಲರು ಜರ್ಮನಿಗೆ ಮರಳಿದರು. ಅಲ್ಲಿಯೇ ನಿಂತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಕೆಲಸ ಅರ್ಧದಲ್ಲಿತ್ತು, ಪದಗಳಿದ್ದದ್ದು ಇಲ್ಲಿ. 1883ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಹಿಂದಿರುಗಿದರು. ವಯಸ್ಸು ಐವತ್ತು ದಾಟಿತ್ತು. ಸುಮಾರು ಒಂಬತ್ತು ವರ್ಷಗಳ ಆ ಅಗಲಿಕೆಯನ್ನು ಕುರಿತು ಯೋಚಿಸಿದಾಗಲೆಲ್ಲ ನನ್ನ ಮೆಚ್ಚುಗೆಗೆ ಒಂದಿಷ್ಟು ಕಸಿವಿಸಿಯೂ ಬೆರೆಯುತ್ತದೆ. ಒಂದು ನಿಘಂಟಿಗಾಗಿ ಮಕ್ಕಳ ಬಾಲ್ಯವನ್ನು ಕಳೆದುಕೊಂಡದ್ದು ಸರಿಯೇ? ಆ ಮಕ್ಕಳು ಏನೆನ್ನುತ್ತಿದ್ದರೋ. ಅವರು ತೆತ್ತದ್ದರ ಫಲವನ್ನು ಉಂಡವರಾದ ನಾವು ಆ ಪ್ರಶ್ನೆಗೆ ತೀರ್ಪು ಹೇಳತಕ್ಕವರಲ್ಲ.

ಪಂಡಿತರನ್ನು ಕೂಡಿಸಿಕೊಂಡು ಕಾವ್ಯಗಳಿಂದ ಪ್ರಯೋಗಗಳನ್ನು ಹೆಕ್ಕಿದರು. ಜನರ ಬಾಯಿಂದ ಗಾದೆಗಳನ್ನು ಕೂಡಿಹಾಕಿದರು. ಗಿಡಮರಗಳ ಹೆಸರಿಗೆ ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರುಗಳನ್ನು ಹೊಂದಿಸಿದರು. ತಮಿಳು, ತೆಲುಗು, ಮಲಯಾಳ, ತುಳುಗಳ ಜ್ಞಾತಿಪದಗಳನ್ನು ಪಕ್ಕದಲ್ಲಿಟ್ಟರು. ಮರಾಠಿಯಿಂದ ಬಂದದ್ದು, ಹಿಂದುಸ್ತಾನಿಯಿಂದ ಬಂದದ್ದು ಎಂದು ಗುರುತು ಹಾಕಿದರೇ ಹೊರತು, ಬಂದವುಗಳನ್ನು ಹೊರಗೆ ನಿಲ್ಲಿಸಲಿಲ್ಲ. ಅವರ ಕಾರ್ಯಕ್ಷೇತ್ರ ನಿಜಾಮರ ಕನ್ನಡ ಸೀಮೆಯಾಗಿರಲಿಲ್ಲ. ಆದರೂ ಮೂರು ಭಾಷೆಗಳು ಕೂಡುವ ಊರಿನಿಂದ ಬಂದ ನನಗೆ ಆ ಪುಟಗಳಲ್ಲಿ ನನ್ನ ಮನೆಯ ಮಾತು ಕೇಳಿಸಿದ್ದಕ್ಕೆ ಇದೇ ಕಾರಣವಿರಬೇಕು.

ಕುಂದುಗಳಿಲ್ಲವೆಂದಲ್ಲ. ಅವರು ಹೇಳಿದ ವ್ಯುತ್ಪತ್ತಿಗಳಲ್ಲಿ ಕೆಲವನ್ನು ವಿದ್ವಾಂಸರು ಇಂದು ಒಪ್ಪುವುದಿಲ್ಲ. ಕವಿರಾಜಮಾರ್ಗವೂ ಪಂಪಭಾರತವೂ ಅಚ್ಚಾಗಿ ಹೊರಬಂದದ್ದು 1898ರಲ್ಲಿ, ನಿಘಂಟು ಮುಗಿದ ಮೇಲೆ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಬಂದದ್ದು 1923ರಲ್ಲಿ. ಆದ್ದರಿಂದ ಶರಣರ ನುಡಿಸಂಪತ್ತನ್ನು ಹುಡುಕಿಕೊಂಡು ಕಿಟ್ಟೆಲರ ಬಳಿಗೆ ಹೋಗುವ ನಮ್ಮ ಕಡೆಯ ವಿದ್ಯಾರ್ಥಿ ಎಷ್ಟೋ ಸಲ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಇದು ಕಾಲದ ಮಿತಿಯೇ ಹೊರತು ಅವರ ಉದಾಸೀನವಲ್ಲ.

1892ರಲ್ಲಿ ಅವರು ಭಾರತವನ್ನು ಕೊನೆಯ ಸಲ ಬಿಟ್ಟು ಟ್ಯೂಬಿಂಗನ್ನಿನಲ್ಲಿ ನೆಲೆಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ನಿಘಂಟು ಹೊರಬಂದಿತು: ಸುಮಾರು 70,000 ಪದಗಳು, 1,700ಕ್ಕೂ ಮಿಕ್ಕಿದ ಪುಟಗಳು. ಅದನ್ನು ಬರೆದವರು ಆಗ ಸಾವಿರಾರು ಮೈಲಿಗಳಾಚೆ, ಕನ್ನಡದ ಒಂದು ಶಬ್ದವೂ ಕಿವಿಗೆ ಬೀಳದ ಊರಿನಲ್ಲಿದ್ದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಮುಂದೆ ಮದ್ರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ನಿಘಂಟನ್ನು ಪರಿಷ್ಕರಿಸಿ, ಹಿಗ್ಗಿಸಿ, ನಾಲ್ಕು ಸಂಪುಟಗಳಲ್ಲಿ ತಂದರು. ಧಾರವಾಡದಲ್ಲಿ ಕಿಟ್ಟೆಲರ ಹೆಸರಿನ ಕಾಲೇಜು ಇದೆ. ಬೆಂಗಳೂರಿನಲ್ಲಿ ಪ್ರತಿಮೆ ಇದೆ.

ಈಗ ನನ್ನ ತರಗತಿಗೂ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ದಿನಕ್ಕೆ ಹತ್ತು ಇಂಗ್ಲಿಷು ಪದಗಳನ್ನು ಬಾಯಿಪಾಠ ಮಾಡಿ ಹನ್ನೊಂದನೆಯ ದಿನ ನೂರನ್ನೂ ಮರೆಯುವವರನ್ನು ಬಹಳ ಕಂಡಿದ್ದೇನೆ. ನಾನು ಕನ್ನಡದ ಅಧ್ಯಾಪಕ, ಇಂಗ್ಲಿಷು ಕಲಿಸುವುದು ನನ್ನ ಅಧಿಕಾರದ ವಿಷಯವಲ್ಲ. ಆದರೂ ಕೇಳಿದವರಿಗೆ ಕಿಟ್ಟೆಲರನ್ನು ಕೈಗೆ ಕೊಟ್ಟು, ಅವರ ಮನೆಯಲ್ಲಿ ಆಡುವ ಒಂದು ಕ್ರಿಯಾಪದವನ್ನು ಹುಡುಕಲು ಹೇಳುತ್ತೇನೆ. ಇತ್ತೀಚೆಗೆ ಒಬ್ಬ ಹುಡುಗಿ ‘ಹಸನು’ ಎಂಬುದರಿಂದ ಆರಂಭಿಸಿ ಒಂದು ನೋಟುಬುಕ್ಕನ್ನೇ ತುಂಬಿಸಿ ತಂದಳು.

ಕಿಟ್ಟೆಲರು ನಿಘಂಟಿನ ಬಳಿಕವೂ ಸುಮ್ಮನಿರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿಯೇ ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ, ಟ್ಯೂಬಿಂಗನ್ನಿನಲ್ಲಿ, 71ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.